ಮೈಕಿಲ್ಲದೆ ಕೇಳಿಸುವ ಸಭಾಂಗಣ: ಬಾಸ್ಟನ್ನಿನ ಸಿಂಫನಿ ಹಾಲ್

ಬಾಸ್ಟನ್ ನಗರದಲ್ಲಿ ಹಂಟಿಂಗ್ಟನ್ ಅವೆನ್ಯೂ ಮತ್ತು ಮ್ಯಾಸಚೂಸೆಟ್ಸ್ ಅವೆನ್ಯೂ ಕೂಡುವ ಮೂಲೆಯಲ್ಲಿರುವ ಸಿಂಫನಿ ಹಾಲ್ ಹೊರಗಿನಿಂದ ನೋಡುವವರನ್ನು ತಡೆದು ನಿಲ್ಲಿಸುವಂಥ ಕಟ್ಟಡವೇನಲ್ಲ. ಇಟ್ಟಿಗೆಯ ಗೋಡೆ, ಎದುರಿಗೆ ಕಂಬಗಳ ಸಾಲು, ಪಕ್ಕದಲ್ಲೇ ಟ್ರಾಮಿನ ನಿಲ್ದಾಣ. ಇಷ್ಟನ್ನು ಕಂಡು ಮುಂದೆ ಹೋಗಿಬಿಡುವವರೇ ಹೆಚ್ಚು. ಮಕ್ಕಳ ಮನೆಗೆಂದು ಕರ್ನಾಟಕದಿಂದ ಬರುವ ತಂದೆತಾಯಿಗಳಿಗೆ ನಮ್ಮವರು ಹಾರ್ವರ್ಡ್ ತೋರಿಸುತ್ತಾರೆ, ಎಂಐಟಿ ತೋರಿಸುತ್ತಾರೆ, ಬಂದರಿನ ದೋಣಿಯಲ್ಲಿ ಒಂದು ಸುತ್ತು ಹಾಕಿಸುತ್ತಾರೆ. ಅವರಲ್ಲಿ ಸಂಗೀತದ ಕಿವಿಯುಳ್ಳವರಿದ್ದರೆ ಈ ಸಭಾಂಗಣದಲ್ಲಿ ಒಂದು ಸಂಜೆ ಕೂರಿಸುವುದು ಅವೆಲ್ಲಕ್ಕಿಂತ ದೊಡ್ಡ ಉಡುಗೊರೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪಾಶ್ಚಾತ್ಯ ಸಂಗೀತದ ಪರಿಚಯವಿಲ್ಲದಿದ್ದರೂ ಅಡ್ಡಿಯಿಲ್ಲ. ನಾನಿಲ್ಲಿ ವಿಮರ್ಶಿಸುತ್ತಿರುವುದು ಸಭಾಂಗಣವನ್ನೇ ಹೊರತು ಅಲ್ಲಿ ನುಡಿಸುವ ಆರ್ಕೆಸ್ಟ್ರಾವನ್ನಲ್ಲ, ಎಂದರೆ ಪಾಶ್ಚಾತ್ಯ ವಾದ್ಯವೃಂದವನ್ನಲ್ಲ. ಶಬ್ದವನ್ನು ಒಂದು ಕೋಣೆ ಹೇಗೆ ನಡೆಸಿಕೊಳ್ಳಬೇಕು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿಕೊಡುವ ಇನ್ನೊಂದು ಸ್ಥಳವನ್ನು ನಾನು ಕಂಡಿಲ್ಲ.

ನಮ್ಮ ಕಿವಿ ಬೆಳೆದಿರುವುದು ಧ್ವನಿವರ್ಧಕದ ಜೊತೆಗೆ. ಸಂಗೀತಸಭೆಯಿರಲಿ, ರಾಮನವಮಿಯ ಚಪ್ಪರವಿರಲಿ, ವೇದಿಕೆಯ ನಡುವೆ ಕುಳಿತ ಗಾಯಕರ ದನಿ, ಅವರ ಎಡಗಡೆಯ ಪಿಟೀಲು, ಬಲಗಡೆಯ ಮೃದಂಗ ಎಲ್ಲವೂ ವೇದಿಕೆಯ ಎರಡು ಬದಿಗಳಲ್ಲಿಟ್ಟ ಪೆಟ್ಟಿಗೆಗಳಿಂದಲೇ ಬರುತ್ತವೆ. ಕಣ್ಣು ಒಂದು ಕಡೆ ನೋಡುತ್ತಿದ್ದರೆ ಕಿವಿ ಇನ್ನೊಂದು ಕಡೆಯಿಂದ ಕೇಳುತ್ತಿರುತ್ತದೆ. ಬಹಳ ದಿನದ ರೂಢಿಯಿಂದ ಅದು ನಮಗೆ ಗೊತ್ತಾಗುವುದೂ ಇಲ್ಲ. ಸಿಂಫನಿ ಹಾಲ್‌ನಲ್ಲಿ ಆರ್ಕೆಸ್ಟ್ರಾದ ಕಚೇರಿ ಮೈಕಿಲ್ಲದೆಯೇ ನಡೆಯುತ್ತದೆ. ಅಲ್ಲಿ ಮೊದಲು ಅನುಭವಕ್ಕೆ ಬರುವುದು ದಿಕ್ಕು. ಓಬೋ ಎಂಬ ಊದುವ ವಾದ್ಯವನ್ನು ನುಡಿಸುವವರು ಎಲ್ಲಿ ಕುಳಿತಿದ್ದಾರೋ ಓಬೋದ ದನಿ ಅಲ್ಲಿಂದಲೇ ಬರುತ್ತದೆ, ಚೆಲ್ಲೋ ಎಂಬ ದೊಡ್ಡ ಪಿಟೀಲಿನಂಥ ವಾದ್ಯದವರ ಸಾಲು ಬಲಕ್ಕಿದ್ದರೆ ಅದರ ನಾದವೂ ಬಲದಿಂದಲೇ ಏಳುತ್ತದೆ. ಕಣ್ಣು ಮುಚ್ಚಿಕೊಂಡರೂ ಯಾರು ಎಲ್ಲಿದ್ದಾರೆಂದು ಬೆರಳು ಮಾಡಿ ತೋರಿಸಬಹುದು. ಹೀಗಿದ್ದೂ ಆ ನಾದ ದೂರದ ಒಂದು ಬಿಂದುವಿನಲ್ಲಿ ಉಳಿಯದೆ ಕೇಳುವವರ ಎರಡೂ ಪಕ್ಕಗಳಿಗೆ ಹರಡಿಕೊಳ್ಳುತ್ತದೆ. ಖಚಿತವಾದ ದಿಕ್ಕು, ತುಂಬಿಕೊಂಡ ನಾದ ಎಂಬ ಎರಡು ಗುಣಗಳು ಒಟ್ಟಿಗೆ ಸಿಗುವುದು ಅಪರೂಪ. ಹೆಚ್ಚಿನ ಸಭಾಂಗಣಗಳು ಒಂದನ್ನು ಕೊಟ್ಟು ಇನ್ನೊಂದನ್ನು ಕಸಿದುಕೊಳ್ಳುತ್ತವೆ.

ಇದನ್ನು ಪರೀಕ್ಷಿಸಲು ಜರ್ಮನ್ ರಚನೆಕಾರ ಬೇಥೋವನ್‌ನ ಕೊರಿಯೋಲನ್ ಓವರ್ಚರ್ ಎಂಬ ವಾದ್ಯಕೃತಿಯ ಆರಂಭಕ್ಕಿಂತ ಒಳ್ಳೆಯ ಸಾಧನವಿಲ್ಲ. ತಂತಿವಾದ್ಯಗಳೆಲ್ಲ ಒಂದೇ ಸ್ವರವನ್ನು ದೀರ್ಘವಾಗಿ ಹಿಡಿಯುತ್ತವೆ, ಅದರ ಕೊನೆಯಲ್ಲಿ ಇಡೀ ಆರ್ಕೆಸ್ಟ್ರಾ ಚಾಟಿಯೇಟಿನಂಥ ಒಂದು ಹೊಡೆತ ಹೊಡೆದು ಥಟ್ಟನೆ ನಿಲ್ಲುತ್ತದೆ, ಬಳಿಕ ಬರುವುದು ಬರೀ ಮೌನ. ಎರಡನೆಯ ಬಾಲ್ಕನಿಯಲ್ಲಿ ಕುಳಿತು ಕೇಳಿದರೆ ಆ ಮೌನ ಖಾಲಿಯಾಗಿರುವುದಿಲ್ಲ. ವಾದಕರ ಕಮಾನುಗಳು ಗಾಳಿಯಲ್ಲಿ ನಿಂತಿರುತ್ತವೆ, ವೇದಿಕೆಯ ಮೇಲೆ ಯಾರೂ ನುಡಿಸುತ್ತಿರುವುದಿಲ್ಲ, ಆದರೂ ಆ ಹೊಡೆತದ ಉಳಿಕೆ ಛಾವಣಿಯ ಕೆಳಗೆ ತೇಲುತ್ತ, ಸಣ್ಣದಾಗುತ್ತ, ಮುಂದಿನ ಸ್ವರ ಏಳುವ ಹೊತ್ತಿಗೆ ಸರಿಯಾಗಿ ಆರಿಹೋಗುತ್ತದೆ. ತಾರಕದ ಹೊಳಪು ಮೊದಲು ಮಾಯವಾಗಿ ಮಂದ್ರದ ಬಿಸುಪು ಕೊನೆಯವರೆಗೆ ಉಳಿಯುತ್ತದೆ. ಎಲ್ಲಿಯೂ ಗಡಗಡ ಎನ್ನುವ ಸದ್ದಿಲ್ಲ, ಹಿಂದಿನ ಗೋಡೆಯಿಂದ ತಿರುಗಿ ಬಂದು ಕೆನ್ನೆಗೆ ಬಡಿಯುವ ಪ್ರತಿಧ್ವನಿಯಿಲ್ಲ. ರಚನೆಕಾರನು ಬರೆದಿಟ್ಟ ವಿರಾಮವನ್ನು ಕೋಣೆಯೇ ನುಡಿಸುತ್ತಿದೆ ಎನ್ನಿಸುತ್ತದೆ.

ಈ ಉಳಿಕೆಗೆ ಅನುರಣನವೆಂದು ಹೆಸರು. ಮೂಲದ ಶಬ್ದ ನಿಂತ ಮೇಲೆ ಕೋಣೆಯಲ್ಲಿ ಉಳಿದ ಶಬ್ದ 60 ಡೆಸಿಬೆಲ್‌ಗಳಷ್ಟು, ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ, ಇಳಿಯಲು ಹಿಡಿಯುವ ಕಾಲವನ್ನು ಅನುರಣನದ ಅವಧಿಯೆಂದು ಅಳೆಯುತ್ತಾರೆ. ಜನ ತುಂಬಿದ ಸಿಂಫನಿ ಹಾಲ್‌ನಲ್ಲಿ ನಡುಸ್ಥಾಯಿಯ ಶಬ್ದಕ್ಕೆ ಈ ಅವಧಿ 1.9 ಸೆಕೆಂಡಿಗೆ ಹತ್ತಿರವಿದೆ. ಭಾಷಣದ ಕೋಣೆಗೆ ಒಂದು ಸೆಕೆಂಡು ಮೀರಿದರೆ ಹೆಚ್ಚಾಯಿತು. ಕಲ್ಲಿನ ದೊಡ್ಡ ಇಗರ್ಜಿಗಳಲ್ಲಿ ನಾಲ್ಕೈದು ಸೆಕೆಂಡು ದಾಟುವುದುಂಟು. ಅಲ್ಲಿ ನಿಧಾನದ ಸಮೂಹಗಾನ ಸೊಗಸಾಗಿ ಕೇಳಿಸಿದರೂ ವೇಗದ ಪಿಟೀಲು ಕಲಸಿಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದ ಸಿಂಫನಿ ಸಂಗೀತಕ್ಕೆ ಬೇಕಾದದ್ದು ಇವೆರಡರ ನಡುವಿನ ಈ 1.9. ಇದು ಆಕಸ್ಮಿಕವಾಗಿ ಸಿಕ್ಕಿದ್ದಲ್ಲ. ಕಟ್ಟುವ ಮುನ್ನವೇ ಅನುರಣನವನ್ನು ಲೆಕ್ಕ ಹಾಕಿ ನಿರ್ಮಿಸಿದ ಜಗತ್ತಿನ ಮೊದಲ ಸಭಾಂಗಣವಿದು. ಹಾಗೆ ಲೆಕ್ಕ ಹಾಕಿದವರು ಹಾರ್ವರ್ಡಿನ ಭೌತಶಾಸ್ತ್ರದ ಅಧ್ಯಾಪಕ ವ್ಯಾಲೇಸ್ ಕ್ಲೆಮೆಂಟ್ ಸೇಬೈನ್.

ಸೇಬೈನ್ ಅವರ ಕೆಲಸ ಆರಂಭವಾದದ್ದು ಸಂಗೀತದಿಂದಲ್ಲ, ಪಾಠ ಕೇಳಿಸದ ಒಂದು ಕೋಣೆಯಿಂದ. ಹಾರ್ವರ್ಡಿನಲ್ಲಿ 1895ರಲ್ಲಿ ಹೊಸದಾಗಿ ತೆರೆದಿದ್ದ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಮಂದಿರದಲ್ಲಿ ಉಪನ್ಯಾಸಕರ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಖಾಲಿ ಕೋಣೆಯಲ್ಲಿ ಒಂದು ಶಬ್ದ ಸುಮಾರು 5.6 ಸೆಕೆಂಡು ಉಳಿಯುತ್ತಿತ್ತು. ಒಂದು ವಾಕ್ಯ ಮುಗಿಯುವುದರೊಳಗೆ ಅದರ ಎಲ್ಲ ಪದಗಳೂ ಒಂದರ ಮೇಲೊಂದು ಬಿದ್ದಿರುತ್ತಿದ್ದವು. ವಿಶ್ವವಿದ್ಯಾಲಯದ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಇದನ್ನು ಸರಿಪಡಿಸುವ ಹೊಣೆಯನ್ನು ಇಪ್ಪತ್ತೇಳರ ಹರೆಯದ ಸೇಬೈನ್‌ಗೆ ವಹಿಸಿದರು. ಅವರ ಬಳಿ ಇದ್ದ ಉಪಕರಣಗಳು ಕೆಲವೇ: ಸೆಕೆಂಡಿಗೆ 512 ಕಂಪನಗಳ ಒಂದು ಆರ್ಗನ್ ಕೊಳವೆ, ಕಾಲ ಅಳೆಯುವ ಒಂದು ಯಂತ್ರ, ತಮ್ಮ ಸ್ವಂತ ಕಿವಿ. ಊರು ನಿದ್ದೆಹೋದ ಮೇಲೆ ನೆರೆಯ ಸ್ಯಾಂಡರ್ಸ್ ಥಿಯೇಟರಿನ ಆಸನಗಳ ದಿಂಬುಗಳನ್ನು ಹೊತ್ತು ತಂದು, ಕೋಣೆಯಲ್ಲಿ ಸ್ವಲ್ಪ ಸ್ವಲ್ಪವೇ ಹರಡಿ, ಪ್ರತಿ ಬಾರಿಯೂ ಕೊಳವೆ ಊದಿ ನಿಲ್ಲಿಸಿ, ಶಬ್ದ ಕಿವಿಗೆ ಕೇಳಿಸದಂತಾಗುವವರೆಗಿನ ಕಾಲವನ್ನು ಬರೆದುಕೊಂಡು, ಬೆಳಗಾಗುವ ಮುನ್ನ ಆ ದಿಂಬುಗಳನ್ನೆಲ್ಲ ಹಿಂದಕ್ಕೆ ಸಾಗಿಸುವುದು ಅವರ ಕ್ರಮವಾಗಿತ್ತು.

ಆ ರಾತ್ರಿಗಳಿಂದ ಹೊರಬಂದ ಸೂತ್ರ ಪ್ರೌಢಶಾಲೆಯ ಹುಡುಗರಿಗೂ ಅರ್ಥವಾಗುವಷ್ಟು ಸರಳ. ಕೋಣೆಯ ಗಾತ್ರವನ್ನು ಘನಮೀಟರಿನಲ್ಲಿ ತೆಗೆದುಕೊಂಡು, ಅದನ್ನು ಆ ಕೋಣೆ ಶಬ್ದವನ್ನು ಹೀರುವ ಒಟ್ಟು ಶಕ್ತಿಯಿಂದ ಭಾಗಿಸಿ, 0.161ರಿಂದ ಗುಣಿಸಿದರೆ ಅನುರಣನದ ಅವಧಿ ಸೆಕೆಂಡುಗಳಲ್ಲಿ ಸಿಗುತ್ತದೆ. ಹೀರುವ ಶಕ್ತಿಯನ್ನು ಅಳೆಯಲು ಸೇಬೈನ್ ಆರಿಸಿಕೊಂಡ ಮಾನ ತೆರೆದ ಕಿಟಕಿ. ಕಿಟಕಿಯಿಂದ ಹೊರಹೋದ ಶಬ್ದ ಮರಳಿ ಬಾರದಿರುವುದರಿಂದ ಒಂದು ಚದರ ಮೀಟರ್ ತೆರೆದ ಕಿಟಕಿಯೆಂದರೆ ಒಂದು ಚದರ ಮೀಟರ್ ಪರಿಪೂರ್ಣ ಹೀರಿಕೆ. ಗಾರೆಯ ಗೋಡೆ ಇದರಲ್ಲಿ ಕೆಲವೇ ಪಾಲು ಹೀರುತ್ತದೆ, ದಪ್ಪ ಬಟ್ಟೆ ಬಹುಪಾಲು ಹೀರುತ್ತದೆ, ಉಡುಪು ತೊಟ್ಟು ಒತ್ತೊತ್ತಾಗಿ ಕುಳಿತ ಜನರಂತೂ ಎಲ್ಲಕ್ಕಿಂತ ಹೆಚ್ಚು ಹೀರುತ್ತಾರೆ. ಕಚೇರಿಗೆ ಮುನ್ನ ಖಾಲಿ ಸಭಾಂಗಣದಲ್ಲಿ ಶ್ರುತಿ ನೋಡಿಕೊಂಡ ಕಲಾವಿದರಿಗೆ ಜನ ತುಂಬಿದ ಮೇಲೆ ಅದೇ ವೇದಿಕೆ ಬೇರೆಯೇ ಆಗಿ ಕೇಳಿಸುವುದಕ್ಕೆ ಕಾರಣ ಇದೇ.

ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾವನ್ನು 1881ರಲ್ಲಿ ಸ್ಥಾಪಿಸಿದ್ದ ಹೆನ್ರಿ ಲೀ ಹಿಗಿನ್ಸನ್ ತಮ್ಮ ವಾದ್ಯವೃಂದಕ್ಕೆ ಹೊಸ ಮನೆ ಕಟ್ಟಲು ಹೊರಟಾಗ ವಾಸ್ತುಶಿಲ್ಪಿ ಚಾರ್ಲ್ಸ್ ಮೆಕ್ಕಿಮ್ ಗ್ರೀಕ್ ರಂಗಮಂದಿರದ ಮಾದರಿಯಲ್ಲಿ ಅರ್ಧವೃತ್ತಾಕಾರದ ನಕ್ಷೆಯೊಂದನ್ನು ಸಿದ್ಧಪಡಿಸಿದ್ದರು. ಅದನ್ನು ಕೈಬಿಟ್ಟು ಜರ್ಮನಿಯ ಲೈಪ್ಜಿಗ್ ನಗರದ ಗೆವಾಂಡ್‌ಹೌಸ್ ಎಂಬ ಆಯತಾಕಾರದ ಸಭಾಂಗಣವನ್ನು ಮಾದರಿಯಾಗಿ ಇಟ್ಟುಕೊಂಡರು. ತೊಡಕು ಬಂದದ್ದು ಇಲ್ಲಿ. ಲೈಪ್ಜಿಗ್‌ನಲ್ಲಿದ್ದದ್ದು ಸುಮಾರು 1,500 ಆಸನ; ಬಾಸ್ಟನ್ನಿಗೆ ಬೇಕಾಗಿದ್ದದ್ದು 2,600ರಷ್ಟು. ಅದೇ ನಕ್ಷೆಯನ್ನು ಎಲ್ಲ ಕಡೆಗೂ ಒಂದೇ ಪ್ರಮಾಣದಲ್ಲಿ ದೊಡ್ಡದು ಮಾಡಿದರೆ ಸಾಕಲ್ಲವೇ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಉದ್ದ, ಅಗಲ, ಎತ್ತರ ಮೂರನ್ನೂ ಶೇಕಡಾ 30ರಷ್ಟು ಹೆಚ್ಚಿಸಿದರೆ ಶಬ್ದ ಹೀರುವ ಮೇಲ್ಮೈ ಶೇಕಡಾ 69ರಷ್ಟು ಮಾತ್ರ ಹೆಚ್ಚುತ್ತದೆ, ಒಳಗಿನ ಗಾತ್ರ ಎರಡು ಪಟ್ಟನ್ನೂ ಮೀರುತ್ತದೆ. ಅನುರಣನ ಮೂರು ಸೆಕೆಂಡಿಗೆ ಏರಿ ಸಂಗೀತ ಕದಡಿಹೋಗುತ್ತದೆ. ಸೇಬೈನ್ ಇದನ್ನು ಅಂಕಿಯಲ್ಲಿ ತೋರಿಸಿಕೊಟ್ಟರು. ಕೊನೆಗೆ ಕಟ್ಟಿದ್ದು ಸುಮಾರು 18.6 ಮೀಟರ್ ಎತ್ತರದ, 23 ಮೀಟರ್ ಅಗಲದ, ವೇದಿಕೆಯ ಅಂಚಿನಿಂದ ಹಿಂಗೋಡೆಯವರೆಗೆ 38 ಮೀಟರ್ ಉದ್ದದ, ಕಿರಿದಾದ ಪೆಟ್ಟಿಗೆಯಂಥ ಹಾಲ್. ಸೇಬೈನ್ ನಿರೀಕ್ಷಿಸಿದ್ದ ಅವಧಿ 2.31 ಸೆಕೆಂಡು, ಇಂದು ಅಳೆದರೆ ಸಿಗುವುದು ಅದಕ್ಕಿಂತ ಕಡಿಮೆ. ಕುಳಿತ ಜನರ ಹೀರಿಕೆಯನ್ನು ತಲೆ ಎಣಿಸಿ ಲೆಕ್ಕ ಹಾಕುವುದಕ್ಕಿಂತ ಅವರು ಕುಳಿತ ಜಾಗದ ವಿಸ್ತೀರ್ಣದಿಂದ ಲೆಕ್ಕ ಹಾಕುವುದು ಹೆಚ್ಚು ಸರಿ ಎಂಬುದನ್ನು ಧ್ವನಿವಿಜ್ಞಾನಿ ಲಿಯೋ ಬೆರಾನೆಕ್ ಬಹಳ ವರ್ಷಗಳ ನಂತರ ತೋರಿಸಿದರು. ಇಷ್ಟು ವ್ಯತ್ಯಾಸವಿದ್ದರೂ ಸೇಬೈನ್ ಸಲಹೆಯ ದಿಕ್ಕು ಸರಿಯಾಗಿತ್ತೆಂಬುದಕ್ಕೆ ಇಂದಿಗೂ ಅಲ್ಲಿ ಕೇಳಿಸುವ ನಾದವೇ ಸಾಕ್ಷಿ.

ಅನುರಣನದ ಅವಧಿಯೊಂದೇ ಸರಿಯಿದ್ದರೆ ಸಾಲದು. 1.9 ಸೆಕೆಂಡಿನ ಕೆಟ್ಟ ಸಭಾಂಗಣಗಳೂ ಇವೆ. ಸಿಂಫನಿ ಹಾಲ್‌ನ ನಿಜವಾದ ಬಲ ಅದರ ಕಿರಿದಾದ ಅಗಲದಲ್ಲಿದೆ ಎಂದು ನಾನು ತಿಳಿದಿದ್ದೇನೆ, ಮತ್ತು ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಸಭಾಂಗಣದ ನಡುಗೆರೆಯಲ್ಲಿ, ವಾದಕರಿಂದ 20 ಮೀಟರ್ ದೂರದಲ್ಲಿ ಕುಳಿತವರಿಗೆ ನೇರವಾಗಿ ಬರುವ ಶಬ್ದ ಮೊದಲು ತಲುಪುತ್ತದೆ. ಪಕ್ಕದ ಗೋಡೆಗೆ ಬಡಿದು ಬರುವ ಶಬ್ದ ಹತ್ತೂವರೆ ಮೀಟರ್ ಹೆಚ್ಚು ದಾರಿ ಸವೆಸಿ, ಸುಮಾರು 30 ಮಿಲಿಸೆಕೆಂಡುಗಳ ಬಳಿಕ ತಲುಪುತ್ತದೆ. ಇಷ್ಟು ಬೇಗ ಬಂದ ಮರುಶಬ್ದವನ್ನು ನಮ್ಮ ಕಿವಿ ಪ್ರತ್ಯೇಕವೆಂದು ಎಣಿಸುವುದಿಲ್ಲ. ಮೊದಲ ಶಬ್ದದ ದಿಕ್ಕನ್ನೇ ಹಿಡಿದುಕೊಂಡು ಎರಡನೆಯದರ ಬಲವನ್ನು ಅದಕ್ಕೆ ಕೂಡಿಸಿಕೊಳ್ಳುತ್ತದೆ. ಅದರ ಮೇಲೆ ಆ ಮರುಶಬ್ದ ಪಕ್ಕದಿಂದ ಬರುವುದರಿಂದ ಎಡಗಿವಿಗೂ ಬಲಗಿವಿಗೂ ಕೊಂಚ ಬೇರೆ ಬೇರೆಯಾಗಿ ಕೇಳಿಸುತ್ತದೆ, ಆ ವ್ಯತ್ಯಾಸದಿಂದಲೇ ನಾದ ನಮ್ಮನ್ನು ಸುತ್ತುವರಿದಂತೆ ಭಾಸವಾಗುತ್ತದೆ. ಅದೇ ಸಭಾಂಗಣ 40 ಮೀಟರ್ ಅಗಲವಿದ್ದಿದ್ದರೆ ಆ ಮರುಶಬ್ದ 70 ಮಿಲಿಸೆಕೆಂಡು ದಾಟಿ ಬಂದು, ಕೂಡಿಕೊಳ್ಳುವ ಬದಲು ಕಲಸಲು ತೊಡಗುತ್ತಿತ್ತು. ಹೆಚ್ಚು ಜನರಿಗೆ ವೇದಿಕೆ ಹತ್ತಿರವಾಗಲೆಂದು ಬೀಸಣಿಗೆಯ ಆಕಾರದಲ್ಲಿ ಹರಡಿ ಕಟ್ಟಿದ ಸಭಾಂಗಣಗಳಲ್ಲಿ, ನಮ್ಮ ದೇಶದ ಹಲವು ರಂಗಮಂದಿರಗಳನ್ನೂ ಸೇರಿಸಿ, ನಡುವಿನ ಆಸನಗಳಿಗೆ ಪಕ್ಕದ ಗೋಡೆಗಳ ಈ ನೆರವು ದೊರೆಯದೆ ಹೋಗುವುದು ಈ ಕಾರಣದಿಂದಲೇ.

ಗೋಡೆಗಳ ಮೇಲ್ಭಾಗದ ಗೂಡುಗಳಲ್ಲಿ ಗ್ರೀಕ್ ಮತ್ತು ರೋಮನ್ ಶಿಲ್ಪಗಳ ಹದಿನಾರು ಪ್ರತಿಕೃತಿಗಳು ನಿಂತಿವೆ. ಅವುಗಳನ್ನು ಶೋಭೆಗಾಗಿ ಇಟ್ಟದ್ದೆಂದು ಭಾವಿಸಿದರೂ ತಪ್ಪಿಲ್ಲ, ಆದರೆ ಅವು ಮಾಡುವ ಕೆಲಸ ಶೋಭೆಗಿಂತ ದೊಡ್ಡದು. ಸಪಾಟಾದ, ಎದುರುಬದುರಾದ ಎರಡು ಗೋಡೆಗಳ ನಡುವೆ ಶಬ್ದ ಚೆಂಡಿನಂತೆ ಪುಟಿದು ಪಟಪಟ ಎನ್ನತೊಡಗುತ್ತದೆ. ಗೂಡು, ಶಿಲ್ಪದ ಮೈಯ ಉಬ್ಬುತಗ್ಗು, ಛಾವಣಿಯ ಚೌಕಳಿಗಳು ಆ ಶಬ್ದವನ್ನು ಒಡೆದು ಹತ್ತು ಕಡೆಗೆ ಚೆಲ್ಲುತ್ತವೆ. ಮೂರು ಬದಿಗಳಲ್ಲಿರುವ ಎರಡು ಅಂತಸ್ತಿನ ಬಾಲ್ಕನಿಗಳು ಒಳಕ್ಕೆ ಹೆಚ್ಚು ಚಾಚಿಕೊಂಡಿಲ್ಲದ ಕಾರಣ ಅವುಗಳ ಕೆಳಗೆ ಕತ್ತಲ ಗುಹೆಯಂಥ ಮೂಲೆಗಳು ಹುಟ್ಟಿಲ್ಲ. ವೇದಿಕೆಯ ಗೋಡೆಗಳೂ ಅದರ ಮೇಲ್ಛಾವಣಿಯೂ ಹಿಂದಕ್ಕೆ ಹೋದಂತೆ ಒಳಬಾಗಿವೆ. ಕಹಳೆಯ ಬಾಯಿಯಂತೆ ಅವು ಆರ್ಕೆಸ್ಟ್ರಾದ ದನಿಯನ್ನು ಸಭೆಯ ಕಡೆಗೆ ನೂಕುತ್ತವೆ. ಇಂಥ ಸಭಾಂಗಣದ ಗೋಡೆಗೆಲ್ಲ ಮರ ಹೊದಿಸಿರಬೇಕು ಎಂದು ಎಣಿಸಿಕೊಂಡು ಬರುವವರಿದ್ದಾರೆ. ಇಲ್ಲಿನ ಗೋಡೆ ಮತ್ತು ಛಾವಣಿ ಬಹುತೇಕ ಗಾರೆಯವು. ತೆಳುವಾದ ಮರದ ಹಲಗೆಗಳು ತಾವೇ ಅದುರಿ ಮಂದ್ರದ ಶಬ್ದವನ್ನು ನುಂಗಿಬಿಡುತ್ತವೆ. ಭಾರವಾದ ಗಾರೆ ಅದನ್ನು ಹಿಂದಿರುಗಿಸುತ್ತದೆ. ಪಿಟೀಲಿನ ಬಳಗದಲ್ಲೇ ಅತಿ ದೊಡ್ಡದಾದ, ಮಂದ್ರಸ್ಥಾಯಿಯ ಡಬಲ್ ಬಾಸ್ ವಾದ್ಯಗಳ ತಂತಿಯನ್ನು ಬೆರಳಿನಿಂದ ಮೀಟಿದಾಗ ಆ ಮೆಲುದನಿ ಹಿಂಬದಿಯ ಸಾಲಿನವರೆಗೂ ದುಂಡಗೆ ಬಂದು ಮುಟ್ಟುವುದು ಇದರಿಂದ.

ಈ ಸಭಾಂಗಣವನ್ನು ನೋಡಿಕೊಳ್ಳುವವರ ಮೇಲೆ ನನಗೆ ಗೌರವ ಹುಟ್ಟಿಸಿದ್ದು ವೇದಿಕೆಯ ನೆಲದ ಕೆಲಸ. ನೂರು ವರ್ಷ ದಾಟಿ ಸವೆದುಹೋಗಿದ್ದ ಆ ನೆಲವನ್ನು 2006ರಲ್ಲಿ ಬದಲಾಯಿಸಿದರು. ಚೆಲ್ಲೋ ಮತ್ತು ಡಬಲ್ ಬಾಸ್‌ಗಳು ಮೊಳೆಯಂಥ ಕಾಲನ್ನು ಊರಿ ನಿಲ್ಲುವುದು ಈ ಹಲಗೆಗಳ ಮೇಲೆಯೇ ಆದ್ದರಿಂದ ನೆಲ ಬದಲಾದರೆ ಅವುಗಳ ನಾದವೂ ಬದಲಾದೀತೆಂಬ ಅಂಜಿಕೆ ಸಹಜವಾದದ್ದು. ಹೀಗಾಗಿ ಮುಕ್ಕಾಲು ಅಂಗುಲ ದಪ್ಪದ ಮೇಪಲ್ ಹಲಗೆಗಳನ್ನೇ ತಂದು, ಹಳೆಯ ಹಲಗೆಗಳ ಬೆನ್ನಿನಲ್ಲಿದ್ದ ತೋಡುಗೆರೆಗಳನ್ನು ಹಾಗೆಯೇ ಹೊಸದರಲ್ಲಿಯೂ ಕೊರೆದು, ಕೆಳಗೆ ಒತ್ತಿದ ಉಣ್ಣೆಯ ಪದರ ಹಾಸಿ, ಮೊದಲಿನ ಅಳತೆಯ ಉಕ್ಕಿನ ಮೊಳೆಗಳನ್ನು ಮಾಡಿಸಿ ಕೈಯಿಂದಲೇ ಹೊಡೆದು ಕೂರಿಸಿದರು. ಅಡಿಯಲ್ಲಿದ್ದ 1899ರ ಫರ್ ಮರದ ಹಾಸು ಗಟ್ಟಿಯಾಗಿದ್ದುದರಿಂದ ಅದನ್ನು ಮುಟ್ಟಲಿಲ್ಲ. ಹಳೆಯ ಸಭಾಂಗಣದ ಜೀರ್ಣೋದ್ಧಾರವೆಂದರೆ ಹೊಳೆಯುವ ಟೈಲ್ಸು, ಹವಾನಿಯಂತ್ರಣದ ಗೊರಗೊರ, ಗೋಡೆಗೆ ಬಣ್ಣದ ಹಲಗೆ ಎಂದು ತಿಳಿದವರು ಈ ಒಂದು ಕೆಲಸವನ್ನು ಗಮನಿಸಬೇಕು. ಚೆನ್ನಾಗಿ ಕೇಳಿಸುತ್ತಿರುವುದನ್ನು ಚೆನ್ನಾಗಿ ಕಾಣಿಸಲೆಂದು ಕೆಡಿಸಲು ಇಲ್ಲಿ ಯಾರಿಗೂ ಬಿಟ್ಟಿಲ್ಲ.

ಹೀಗೆಂದು ಈ ಸಭಾಂಗಣ ಎಲ್ಲ ಸಂಗೀತಕ್ಕೂ ಸಲ್ಲುತ್ತದೆಂದು ನಾನು ಹೇಳಲಾರೆ. ನಮ್ಮ ಕರ್ನಾಟಕ ಸಂಗೀತವನ್ನು ಇಲ್ಲಿಗೆ ತಂದರೆ ಏನಾದೀತೆಂದು ಯೋಚಿಸಿ ನೋಡೋಣ. ಆಲಾಪನೆಗೆ, ನಿಧಾನಗತಿಯ ಕೃತಿಗೆ, ತಂಬೂರಿಯ ಶ್ರುತಿಗೆ ಈ ಕೋಣೆ ಖಂಡಿತ ಒಲಿಯುತ್ತದೆ. ತನಿ ಆವರ್ತನ ಆರಂಭವಾದರೆ ಮಾತೇ ಬೇರೆ. ಸೆಕೆಂಡಿಗೆ ಎಂಟು ಪೆಟ್ಟು ಬೀಳುವ ವೇಗದಲ್ಲಿ ಮೃದಂಗ ನುಡಿಸುತ್ತಿದ್ದರೆ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಇರುವುದು 125 ಮಿಲಿಸೆಕೆಂಡು ಮಾತ್ರ, 1.9 ಸೆಕೆಂಡಿನ ಅನುರಣನವುಳ್ಳ ಕೋಣೆಯಲ್ಲಿ ಅಷ್ಟು ಹೊತ್ತಿಗೆ ಹಿಂದಿನ ಪೆಟ್ಟಿನ ಉಳಿಕೆ ಇಳಿದಿರುವುದು ಕೇವಲ ನಾಲ್ಕು ಡೆಸಿಬೆಲ್. ಎಂದರೆ ತಕಧಿಮಿಯ ಪ್ರತಿ ಅಕ್ಷರವೂ ಹಿಂದಿನ ಅಕ್ಷರಗಳ ಮೋಡದೊಳಗೇ ಹುಟ್ಟಬೇಕಾಗುತ್ತದೆ. ಹತ್ತಿರದ ಸಾಲುಗಳಲ್ಲಿ ನೇರ ಶಬ್ದದ ಬಲದಿಂದ ಅದು ಬಿಡಿಬಿಡಿಯಾಗಿ ಕೇಳಿಸೀತು, ಹಿಂದಕ್ಕೆ ಹೋದಂತೆ ಲೆಕ್ಕ ತಪ್ಪುತ್ತದೆ. ನಮ್ಮ ಸಂಗೀತ ಬೆಳೆದದ್ದು ದೇವಾಲಯದ ಮಂಟಪಗಳಲ್ಲಿ, ಅರಮನೆಯ ಸಭೆಗಳಲ್ಲಿ, ಮನೆಯ ಪಡಸಾಲೆಗಳಲ್ಲಿ; ಪಾರ್ಶ್ವ ತೆರೆದಿರುವ ಮಂಟಪದಲ್ಲಿ ಶಬ್ದ ಹೊರಗೆ ಹರಿದುಹೋಗಿಬಿಡುವುದರಿಂದ, ಸೇಬೈನ್ ಅವರ ಲೆಕ್ಕದಲ್ಲಿ ಹೇಳುವುದಾದರೆ, ಅದರ ತೆರೆದ ಬದಿಗಳೆಲ್ಲವೂ ಕಿಟಕಿಗಳೇ.

ಜನ ಹೆಚ್ಚಾದಾಗ ನಮ್ಮ ಕಲಾವಿದರು ಎದುರಿಸಿದ ಸಮಸ್ಯೆ ಸೇಬೈನ್ ಎದುರಿಸಿದ್ದಕ್ಕೆ ವಿರುದ್ಧವಾದದ್ದು: ಶಬ್ದ ಉಳಿದು ಕಾಡುವುದಲ್ಲ, ತಲುಪದೆ ಹೋಗುವುದು. ಮೈಸೂರಿನ ಟಿ. ಚೌಡಯ್ಯನವರು ಇದಕ್ಕೆ ಕಂಡುಕೊಂಡ ಪರಿಹಾರ ಎಲ್ಲರಿಗೂ ಗೊತ್ತಿರುವಂಥದು. ಮೈಕು ಇನ್ನೂ ಬಳಕೆಗೆ ಬಾರದ ದಿನಗಳಲ್ಲಿ ಪಿಟೀಲಿನ ನಾದ ಕೊನೆಯ ಸಾಲಿನವರಿಗೂ ಮುಟ್ಟಲಿ ಎಂದು ನಾಲ್ಕು ತಂತಿಗಳ ಜೊತೆಗೆ ಸ್ಥಾಯಿಯ ಅಂತರದಲ್ಲಿ ಶ್ರುತಿಮಾಡಿದ ಇನ್ನೂ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ಅವರು ರೂಪಿಸಿದರು. ಸೇಬೈನ್ ಕೋಣೆಯನ್ನು ತಿದ್ದಿದರು, ಚೌಡಯ್ಯನವರು ವಾದ್ಯವನ್ನು ತಿದ್ದಿದರು. ಇಬ್ಬರೂ ಕೊನೆಯ ಸಾಲಿನಲ್ಲಿ ಕುಳಿತವನನ್ನು ಮನಸ್ಸಿನಲ್ಲಿಟ್ಟುಕೊಂಡವರು. ನಂತರ ಬಂದ ಮೈಕು ಆ ಚಿಂತೆಯನ್ನು ನಮ್ಮಿಂದ ತೆಗೆದುಹಾಕಿತು, ಅದರ ಜೊತೆಗೆ ಕೋಣೆಯ ಬಗ್ಗೆ ಯೋಚಿಸುವ ಅಭ್ಯಾಸವನ್ನೂ ತೆಗೆದುಹಾಕಿತು ಎಂಬುದು ನನ್ನ ದುಃಖ. ಕಲ್ಲುಹಾಸಿನ ನೆಲ, ಬರಿಯ ಗೋಡೆ, ತಗಡಿನ ಮಾಡು ಇರುವ ಕಲ್ಯಾಣಮಂಟಪವೊಂದರಲ್ಲಿ ಕಚೇರಿಯಿಟ್ಟು, ಮಾತು ಸ್ಪಷ್ಟವಾಗಿಲ್ಲವೆಂದು ಧ್ವನಿವರ್ಧಕವನ್ನು ಇನ್ನಷ್ಟು ಏರಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಕೋಣೆ ಕಲಸುತ್ತಿರುವ ಶಬ್ದವನ್ನು ದೊಡ್ಡದು ಮಾಡಿದರೆ ಕಲಸಿದ್ದೂ ಅಷ್ಟೇ ದೊಡ್ಡದಾಗುತ್ತದೆ. ಅದೇ ಹಣದಲ್ಲಿ ಹಿಂಗೋಡೆಗೆ ದಪ್ಪ ಪರದೆ ಇಳಿಬಿಟ್ಟು, ನೆಲಕ್ಕೆ ಜಮಖಾನ ಹಾಸಿದರೆ ಧ್ವನಿವರ್ಧಕವನ್ನು ಅರ್ಧಕ್ಕೆ ಇಳಿಸಬಹುದು.

ಮೈಕಿನ ಕಾರ್ಯಕ್ರಮಗಳಿಗೆ ಸಿಂಫನಿ ಹಾಲ್ ಕೂಡ ಸುಲಭವಾಗಿ ಒಲಿಯುವ ಜಾಗವಲ್ಲ. ಕೊಳಲು, ಕಹಳೆ, ಪಿಟೀಲುಗಳನ್ನು ಬೆಸೆಯುವ ಅದೇ ಗುಣ ಡ್ರಮ್ಮು ಮತ್ತು ಎಲೆಕ್ಟ್ರಿಕ್ ಗಿಟಾರಿನ ಪೆಟ್ಟುಗಳನ್ನು ಮಸುಕು ಮಾಡುತ್ತದೆ. ವಸಂತಕಾಲದಲ್ಲಿ ನೆಲದ ಆಸನಗಳನ್ನು ತೆಗೆದು ಮೇಜುಗಳನ್ನು ಹಾಕಿ ಬಾಸ್ಟನ್ ಪಾಪ್ಸ್ ವಾದ್ಯವೃಂದದ ಹಗುರವಾದ ಕಾರ್ಯಕ್ರಮಗಳನ್ನು ನಡೆಸುತ್ತಾರೆ. ಮಕ್ಕಳನ್ನು ಕರೆದೊಯ್ಯಲು ಅವು ಚೆನ್ನ. ಸಭಾಂಗಣದ ಧ್ವನಿಗುಣವನ್ನು ಅರಿಯಲು ಹೋಗುವವರು ಆ ದಿನಗಳನ್ನು ಬಿಟ್ಟು ಸಿಂಫನಿಯ ಋತುವಿನಲ್ಲೇ ಹೋಗಬೇಕು.

ಧ್ವನಿಮುದ್ರಣದ ವಿಷಯದಲ್ಲಿ ಈ ಸಭಾಂಗಣದ ಪಾತ್ರ ದೊಡ್ಡದು. ಸ್ಟುಡಿಯೋದ ದಾರಿ ಇದಕ್ಕೆ ತದ್ವಿರುದ್ಧ: ಅಲ್ಲಿ ಗೋಡೆಗಳಿಗೆ ಹೀರುವ ಹೊದಿಕೆ ಹಾಕಿ, ಗಾಯಕರ ತುಟಿಯ ಬಳಿ ಮೈಕನ್ನಿಟ್ಟು, ಒಣಗಿದ ದನಿಯನ್ನು ಹಿಡಿದುಕೊಂಡು, ಅನುರಣನವನ್ನು ಆಮೇಲೆ ತಂತ್ರಾಂಶದಿಂದ ಬೇಕಾದಷ್ಟು ಬೆರೆಸುತ್ತಾರೆ. ತಪ್ಪಾದ ಸ್ವರವೊಂದನ್ನು ತೆಗೆದು ಬೇರೆಯದನ್ನು ಕೂರಿಸಬೇಕಾದಾಗ ಆ ಪದ್ಧತಿಯೇ ಅನುಕೂಲ. ಸಿಂಫನಿ ಹಾಲ್‌ನಲ್ಲಿ ಮುದ್ರಿಸುವುದೆಂದರೆ ಕೋಣೆಯನ್ನೂ ವಾದ್ಯಗಳ ಜೊತೆಗೆ ಮುದ್ರಿಸುವುದು. ಆರ್‌ಸಿಎ ಎಂಬ ಧ್ವನಿಮುದ್ರಣ ಸಂಸ್ಥೆ ಸ್ಟೀರಿಯೋ ಮುದ್ರಣದ ಆರಂಭದ ದಿನಗಳಾದ 1954ರಲ್ಲಿ ಶಾರ್ಲ್ ಮ್ಯೂನ್ಷ್ ನಿರ್ದೇಶನದ ಬಾಸ್ಟನ್ ಆರ್ಕೆಸ್ಟ್ರಾವನ್ನು ಇಲ್ಲಿಯೇ ಮುದ್ರಿಸಿತು. ಆ ಕಾಲದ ಮುದ್ರಿಕೆಗಳನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿದರೆ ಹೊಡೆತಗಳ ನಡುವಿನ ವಿರಾಮದಲ್ಲಿ ಈ ಕೋಣೆ ಉಸಿರಾಡುವುದು ಇಂದಿಗೂ ಕೇಳಿಸುತ್ತದೆ. ಊರಿನಲ್ಲೇ ಇದ್ದುಕೊಂಡು ಈ ಸಭಾಂಗಣದ ರುಚಿ ನೋಡಬೇಕೆನ್ನುವವರಿಗೆ ಅದೇ ಸರಿಯಾದ ದಾರಿ.

ನ್ಯೂಯಾರ್ಕಿನ ಲಿಂಕನ್ ಸೆಂಟರಿನ ಕಥೆ ಗೊತ್ತಿದ್ದರೆ ಬಾಸ್ಟನ್ನಿನ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಅಲ್ಲಿ 1962ರಲ್ಲಿ ತೆರೆದ ಫಿಲ್‌ಹಾರ್ಮೋನಿಕ್ ಹಾಲ್‌ಗೆ ಧ್ವನಿ ಸಲಹೆಗಾರರಾಗಿದ್ದವರು ಬೆರಾನೆಕ್ ಅವರೇ. ಅವರ ಮೊದಲ ಸಲಹೆ ಬಾಸ್ಟನ್ನಿನಂಥ ಕಿರಿದಾದ ಪೆಟ್ಟಿಗೆಯನ್ನೇ ಕಟ್ಟಬೇಕೆಂಬುದಾಗಿತ್ತು. ಆಸನಗಳನ್ನು ಹೆಚ್ಚಿಸಬೇಕೆಂಬ ಒತ್ತಾಯಕ್ಕೆ ನಕ್ಷೆ ಬದಲಾಯಿತು, ಗೋಡೆಗಳು ಹೊರಕ್ಕೆ ಉಬ್ಬಿದವು, ತೆರೆದ ದಿನದಿಂದಲೇ ಟೀಕೆ ಆರಂಭವಾಯಿತು. ಒಳಭಾಗವನ್ನು 1976ರಲ್ಲಿ ಪೂರ್ತಿಯಾಗಿ ಕಿತ್ತು ಹೊಸದಾಗಿ ಕಟ್ಟಿದರು, 2022ರಲ್ಲಿ ಮತ್ತೊಮ್ಮೆ ಅದೇ ಕೆಲಸವಾಯಿತು. ಬಾಸ್ಟನ್ನಿನ ಸಭಾಂಗಣದ ಒಳಮೈ ಅಷ್ಟು ಕಾಲವೂ ಬಹುಮಟ್ಟಿಗೆ ಬಾಗಿಲು ತೆರೆದ 1900ರಲ್ಲಿ ಇದ್ದಂತೆಯೇ ಇತ್ತು.

ಆಸನಗಳ ವಿಚಾರದಲ್ಲಿ ಮಾತ್ರ ಹೋಗುವವರು ಸಿದ್ಧರಾಗಿರಬೇಕು. ಚರ್ಮ ಹೊದಿಸಿದ ಆ ಕುರ್ಚಿಗಳು 1900ರವೇ. ಮೆತ್ತೆ ತೆಳು, ಕಾಲು ಚಾಚಲು ಜಾಗ ಕಡಿಮೆ, ಎರಡು ಗಂಟೆಯ ಕಚೇರಿ ಮುಗಿಯುವಷ್ಟರಲ್ಲಿ ಸೊಂಟನೋವಿರುವ ಹಿರಿಯರಿಗೆ ಕಷ್ಟವಾಗುತ್ತದೆ. ಆದರೆ ದಪ್ಪ ಮೆತ್ತೆಯ ಸುಖಾಸನಗಳನ್ನು ಹಾಕಿದರೆ ಅವು ಶಬ್ದವನ್ನು ಹೀರಿ, ಸೇಬೈನ್ ಅಳೆದು ಕೊಟ್ಟ ಅನುರಣನವನ್ನು ಇಳಿಸಿಬಿಡುತ್ತವೆ. ಈ ಅನನುಕೂಲವನ್ನು ನಾನು ಮನಃಪೂರ್ವಕವಾಗಿ ಒಪ್ಪಿಕೊಳ್ಳುತ್ತೇನೆ. ಹಿರಿಯರನ್ನು ಕರೆದೊಯ್ಯುವವರು ಒಂದು ಸಣ್ಣ ದಿಂಬನ್ನು ಜೊತೆಗಿಟ್ಟುಕೊಂಡರೆ ಸಾಕು. ಒಳಗೆ ಹೋದ ಮೇಲೆ ಎರಡು ಸಂಗತಿಗಳನ್ನು ಹುಡುಕಿ ನೋಡಬಹುದು. ವೇದಿಕೆಯ ಮೇಲಿನ ಚಿನ್ನದ ಬಣ್ಣದ ಫಲಕಗಳಲ್ಲಿ ಹೆಸರು ಬರೆದಿರುವುದು ಬೇಥೋವನ್ ಒಬ್ಬನದು ಮಾತ್ರ, ಉಳಿದವು ಖಾಲಿ. ಪ್ರವೇಶದ ಭಾಗದಲ್ಲಿ ಸೇಬೈನ್ ಅವರ ಹೆಸರಿನ ಫಲಕವೊಂದಿದೆ; ಸಭಾಂಗಣವೊಂದು ಸಂಗೀತಗಾರರಿಗಷ್ಟೇ ಅಲ್ಲದೆ ಭೌತವಿಜ್ಞಾನಿಗೂ ಋಣ ಸಂದಾಯ ಮಾಡಿರುವುದು ನನಗೆ ಬಹಳ ಸಂತೋಷ ಕೊಟ್ಟಿತು.

ಟಿಕೆಟಿನ ಬಗ್ಗೆ ನನ್ನ ಸಲಹೆ ಹೀಗಿದೆ. ವೇದಿಕೆಗೆ ತೀರ ಹತ್ತಿರದ ಮುಂದಿನ ಸಾಲುಗಳಿಗೆ ಹೆಚ್ಚು ಹಣ ಕೊಡಬೇಡಿ. ಅಲ್ಲಿ ಪಿಟೀಲುಗಳು ಮುಂದೆ ನಿಂತು ಉಳಿದವರನ್ನು ಮರೆಮಾಡುತ್ತವೆ, ಊದುವ ವಾದ್ಯಗಳವರು ಕಣ್ಣಿಗೂ ಬೀಳುವುದಿಲ್ಲ. ಬಾಲ್ಕನಿಯ ಕೆಳಗಿನ ಹಿಂದಿನ ಸಾಲುಗಳಲ್ಲಿ ನಾದ ಸ್ವಲ್ಪ ಸೊರಗುತ್ತದೆ. ಪಕ್ಕದ ಬಾಲ್ಕನಿಗಳಲ್ಲಿ ವೇದಿಕೆಯ ಸಮೀಪದ ಆಸನಗಳಿಂದ ಅರ್ಧ ಆರ್ಕೆಸ್ಟ್ರಾವನ್ನು ನೋಡಲು ಕತ್ತು ಹೊರಳಿಸಬೇಕಾಗುತ್ತದೆ. ಎರಡನೆಯ ಬಾಲ್ಕನಿಯ ನಡುಭಾಗವೇ ನನ್ನ ಆಯ್ಕೆ. ಅಲ್ಲಿನ ದರ ನೆಲದ ಒಳ್ಳೆಯ ಆಸನಗಳಿಗಿಂತ ಕಡಿಮೆ, ನಾದ ಎಲ್ಲ ಕಡೆಯಿಂದ ಬೆರೆತು ಅಲ್ಲಿಗೆ ಏರಿ ಬರುತ್ತದೆ. ಮೆಟ್ಟಿಲು ಹತ್ತಲಾರದವರಿದ್ದರೆ ಟಿಕೆಟ್ ಕೊಳ್ಳುವಾಗಲೇ ವಿಚಾರಿಸಿ, ನೆಲದ ನಡುವಿನ ಸಾಲುಗಳನ್ನು ಕೇಳಿ ಪಡೆಯಬೇಕು. ಹಗಲಿನಲ್ಲಿ ಹೋಗಬಯಸುವವರಿಗೆ ಶುಕ್ರವಾರ ಮಧ್ಯಾಹ್ನದ ಕಚೇರಿಗಳಿವೆ. ಕಾರ್ಯಕ್ರಮದ ಆಯ್ಕೆಯಲ್ಲಿ ಬೇಥೋವನ್ ಅಥವಾ ಬ್ರಾಮ್ಸ್ ಇರುವ ದಿನವನ್ನು ನೋಡಿಕೊಳ್ಳಿ, ಅವರ ಸಂಗೀತಕ್ಕೂ ಈ ಕೋಣೆಯ 1.9 ಸೆಕೆಂಡಿಗೂ ಹೊಂದಿಕೆ ಹೆಚ್ಚು. ಪಿಟೀಲು ಅಥವಾ ಚೆಲ್ಲೋದ ಒಂಟಿ ವಾದನವಿರುವ ಕಾನ್ಸರ್ಟೋ ಕೂಡ ಅದೇ ದಿನ ಸಿಕ್ಕಿದರೆ ನಮ್ಮ ಕಡೆಯ ಕಿವಿಗೆ ಒಳಹೋಗಲು ಅದು ಸುಲಭವಾದ ಬಾಗಿಲು: ತೊಂಬತ್ತು ಜನರ ಎದುರಿಗೆ ಒಬ್ಬರೇ ನಿಂತು, ಮೈಕಿಲ್ಲದೆ, ಅತ್ಯಂತ ಮೆಲುದನಿಯಲ್ಲಿ ನುಡಿಸಿದರೂ ಅದು ಮೇಲಿನ ಕೊನೆಯ ಸಾಲಿಗೆ ಸ್ಪಷ್ಟವಾಗಿ ತಲುಪುತ್ತದೆ.